ದೊಡ್ಡವ್ವ ಬಿಟ್ಟ ಹಣ್ಣು

ಹುಮನಾಬಾದಿನ ನನ್ನ ಮನೆಯ ಸುತ್ತ ಒಂದೇ ಒಂದು ಕವಳಿ ಕಂಟಿ, ಆ ಮುಳ್ಳಿನ ಪೊದೆ, ಇಲ್ಲ. ಆದರೂ ಬೇಸಿಗೆಯ ಮಧ್ಯಾಹ್ನ ಉಂಡು, ನೆಲಕ್ಕಿಷ್ಟು ನೀರು ಚಿಮುಕಿಸಿ, ಬರಿ ಬಂಡೆಗಲ್ಲಿನ ಮೇಲೆ ಮೈ ಚೆಲ್ಲಿದರೆ ಸಾಕು, ಕಣ್ಣು ಮುಚ್ಚುವ ಹೊತ್ತಿಗೆ ಅದರ ಹೂವಿನ ವಾಸನೆ ಬರುತ್ತದೆ. ಮಲ್ಲಿಗೆಯಂಥದೇ, ಆದರೆ ಮಲ್ಲಿಗೆಯಷ್ಟು ಬಿನ್ನಾಣ ಇಲ್ಲದ್ದು. ಗಂಡನಿಗೆ ಹೇಳಿದರೆ, "ಬಾಜೂಮನಿಯವರು ಊದಿನಕಡ್ಡಿ ಹಚ್ಚಿರಬೇಕು ನೋಡು" ಎನ್ನುತ್ತಾರೆ. ಊದಿನಕಡ್ಡಿಯಂತೆ! ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯನಿಗೆ ಇದೊಂದು ತಿಳಿಯುವುದಿಲ್ಲವಲ್ಲ ಎಂದು ಸಿಟ್ಟು ಬರುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ನನ್ನ ಅಪ್ಪ ಬಿಟ್ಟುಹೋದ ಆಸ್ತಿ. ಮಗ್ಗುಲಾಗಿ ಮಲಗುತ್ತೇನೆ. ಅರೆನಿದ್ದೆಯಲ್ಲಿ ನಾನು ಮತ್ತೆ ಆರು ವರ್ಷದವಳು. ಕಲ್ಯಾಣದ ಹೊರಗೆ ನಮ್ಮ ಹೊಲದ ಬದುವಿನ ಕೊನೆ, ಹಳ್ಳದ ದಂಡೆ, ಕಂಟಿಯ ನೆರಳಲ್ಲಿ ಹಾಸಿದ ಹಳೆಯ ಕೌದಿ.

ಚೈತ್ರ ಬಂತೆಂದರೆ ಆ ಎರೆ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು. ಹುಲ್ಲು ಸುಟ್ಟು, ಬೇಲಿ ಒಣಗಿ, ಕಣ್ಣು ಹಾಯುವ ತನಕ ಬಿಳಿ ಬಿಸಿಲು. ಆ ಬಿಸಿಲಲ್ಲಿ ಕವಳಿ ಕಂಟಿ ಒಂದೇ ಹಸಿರಾಗಿ, ಮೈತುಂಬ ಚಿಕ್ಕ ಬಿಳಿ ಹೂ ಹೊತ್ತು ನಿಂತಿರುತ್ತಿತ್ತು. ಮಳೆ ಹತ್ತಿರ ಬಂದಾಗ ಹೂ ಹೋಗಿ ಕಾಯಿ, ಕಾಯಿ ಕೆಂಪಾಗಿ, ಕೆಂಪು ಕಪ್ಪಾಗಿ, ಆಮೇಲೆ ಕಂಟಿ ನಮ್ಮದಲ್ಲ. ಕೆಂಪು ಬುಡದ ಪಿಕಳಾರ, ಗೊರವಂಕ, ಹೆಸರು ಗೊತ್ತಿಲ್ಲದ ಹಳದಿ ಕೊಕ್ಕಿನವು, ಎಲ್ಲ ಒಟ್ಟಿಗೆ ಬಂದು ಗಲಾಟೆ. ಉದುರಿದ್ದಕ್ಕೆ ನರಿ ಬಂದು ಹೋಗಿರುತ್ತಿತ್ತು, ಬೆಳಿಗ್ಗೆ ಹೆಜ್ಜೆ ಕಾಣುತ್ತಿದ್ದವು. ನಾನು ಹಕ್ಕಿಗಳಿಗೆ ಕಲ್ಲು ಎತ್ತಿದರೆ ದೊಡ್ಡವ್ವ ಕೈ ಹಿಡಿಯುತ್ತಿದ್ದಳು. "ಅವು ತಿಂದ್ರ ತಿನ್ನಲಿ ಬಿಡು. ನಿನ್ನ ಹೊಟ್ಟಿ ಎಷ್ಟು, ಕಂಟಿ ಎಷ್ಟು!"

ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ನಾನು ಹುಟ್ಟಿದ್ದು ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಹೆತ್ತ ಹದಿನೈದು ದಿನಕ್ಕೆ ಅವ್ವ ತೀರಿಕೊಂಡಳು. ಮಕ್ಕಳಿಲ್ಲದ ದೊಡ್ಡವ್ವ ನನ್ನನ್ನು ಎತ್ತಿಕೊಂಡವಳು ಮತ್ತೆ ಕೆಳಗಿಳಿಸಲಿಲ್ಲ. ಓಣಿಯವರು, "ಅದಕ್ಕ ಕಾಲು ಅವೋ ಇಲ್ಲೋ ನಮಗಂತೂ ಗೊತ್ತಿಲ್ಲವ್ವ" ಎಂದು ಕಾಡುತ್ತಿದ್ದರು. ಕಾಲು ಬಂದ ಮೇಲೂ ನಾನು ಅವಳ ಸೆರಗಿನ ತುದಿಯಲ್ಲೇ ಇದ್ದೆ.

ಅವಳ ನಾಲಗೆ ಊರಿಗೇ ಹೆಸರಾದದ್ದು. ಮಾತಿಗಲ್ಲ, ರುಚಿಗೆ. ರೊಟ್ಟಿ ಮುರಿದು ಬಾಯಿಗಿಟ್ಟು ಇದು ಯಾವ ಹೊಲದ ಜೋಳ ಎಂದು ಹೇಳುತ್ತಿದ್ದಳು. ಬೇಳೆ ಬೆಂದದ್ದು ಯಾವ ಬಾವಿಯ ನೀರಿನಲ್ಲಿ ಎಂದು ಹೇಳುತ್ತಿದ್ದಳು. ಮದುವೆ ಮನೆಯವರು ಅಡಿಗೆಯಾದ ಮೇಲೆ ಮೊದಲು ಅವಳನ್ನೇ ಕರೆಯುತ್ತಿದ್ದರು. ಅಂಥವಳಿಗೆ ಜಗತ್ತಿನ ಎಲ್ಲ ಸಿಹಿಗಿಂತ ಬೇಕಾದದ್ದು ಕವಳಿ ಹಣ್ಣು. ಕಣ್ಣು ಮುಚ್ಚಿ ಒಂದನ್ನು ಬಾಯಿಗೆ ಹಾಕಿಕೊಂಡು, ಹುಳಿಗೆ ಮುಖ ಕಿವುಚಿ, ಸ್ವಲ್ಪ ಹೊತ್ತು ಹಾಗೇ ಇದ್ದು, "ಹಾಂ, ಬಂತು, ಕಡೀಕ ಬೆಲ್ಲ ಬಂತು" ಎನ್ನುತ್ತಿದ್ದಳು. ನನಗೆ ಬೆಲ್ಲ ಎಂದೂ ಬರಲಿಲ್ಲ. ಆದರೂ ಅವಳ ಮುಖ ನೋಡಿ ನಾನೂ "ಬಂತು, ಬಂತು" ಎನ್ನುತ್ತಿದ್ದೆ.

ಹೊಲ ಪಾಲಾದಾಗ ನಾನು ಐದು ವರ್ಷದವಳು. ಅಪ್ಪ ಮತ್ತು ದೊಡ್ಡಪ್ಪ ಇಬ್ಬರೇ ಅಣ್ಣತಮ್ಮಂದಿರು, ಜಗಳವಾಡಿ ಪಾಲಾದವರಲ್ಲ, ಸುಮ್ಮನೆ ಹಿರಿಯರು ಇರುವಾಗಲೇ ಆಗಲಿ ಎಂದು ಆದದ್ದು. ನಡುವೆ ಬಾಂದದ ಕಲ್ಲು ಹುಗಿಯಲು ಹೋದಾಗ ಆಯಿ, ಎಂದರೆ ನನ್ನ ಅಜ್ಜಿ, ಹೊಲದಲ್ಲೇ ಅಡ್ಡ ಕುಳಿತಳಂತೆ. "ಕಲ್ಲು ಹಾಕೋದು ಮಂದಿ ಮಂದಿ ನಡುವ. ಒಂದೇ ಹೊಟ್ಟ್ಯಾಗ ಹುಟ್ಟಿದವರ ನಡುವ ಯಾರರೇ ಕಲ್ಲು ಹಾಕ್ತಾರೇನು?" ಎಂದಳಂತೆ. ರಸ್ತೆಯ ಕಡೆ ಬೇವಿನ ಗಿಡವಿತ್ತು, ಹಳ್ಳದ ಕಡೆ ಕವಳಿ ಕಂಟಿಯಿತ್ತು. ಬೇವಿನಿಂದ ಕವಳಿಗೆ ನೆಟ್ಟಗೆ ನೋಡಿದರೆ ಅದೇ ಗಡಿ ಎಂದು ಆಯಿ ಕೈ ತೋರಿಸಿದಳು, ಎಲ್ಲರೂ ಒಪ್ಪಿದರು. ಹೊಲದ ನಡುವಿದ್ದ ಬಾವಿ ಯಾರ ಕಡೆ ಬಂತು ಎಂದು ಯಾರೂ ನೋಡಲೇ ಇಲ್ಲ, ಇಬ್ಬರ ನೀರೆತ್ತುವ ತೊಗಲಿನ ಮೊಟ್ಟೆಯೂ ಅದೇ ಬಾವಿಯಲ್ಲಿ ಏರಿ ಇಳಿಯುತ್ತಿತ್ತು. ಅಣ್ಣತಮ್ಮಂದಿರ ಗಡಿಯನ್ನು ಒಂದು ಕಂಟಿಯ ಕೈಗೆ ಕೊಟ್ಟು ನಿಶ್ಚಿಂತೆಯಾಗಿ ಕುಳಿತವರು ನಮ್ಮ ಮನೆಯವರೇ ಇರಬೇಕು.

ಹಕ್ಕಿಗಳಿಗೆ ಯಾರ ಪಾಲು ಏನು ಗೊತ್ತು? ತಿಂದದ್ದನ್ನು ತಮಗೆ ಬೇಕಾದಲ್ಲಿ ಉದುರಿಸಿದವು. ಇಪ್ಪತ್ತು ಹೆಜ್ಜೆ ಆಚೆಗೆ, ದೊಡ್ಡಪ್ಪನ ಕಡೆ, ಹುಲ್ಲಿನ ನಡುವೆ ಇನ್ನೊಂದು ಕವಳಿ ಎದ್ದಿತ್ತು, ಯಾರೂ ಲಕ್ಷ್ಯ ಕೊಡಲಿಲ್ಲ. ಆಯಿ ತೀರಿಕೊಂಡ ಬೇಸಿಗೆಯಲ್ಲಿ ಹಳ್ಳದ ದಂಡೆಯ ಹುಲ್ಲಿಗೆ ಬೆಂಕಿ ಬಿದ್ದು ಎರಡೂ ಬುಡದ ತನಕ ಸುಟ್ಟವು. ಮಳೆ ಬಂದ ಮೇಲೆ ಎರಡೂ ಚಿಗುರಿದವು, ಎರಡು ಮೂರು ವರ್ಷದಲ್ಲಿ ಒಂದೇ ಎತ್ತರ, ಒಂದೇ ದಪ್ಪ. ಯಾವುದು ಹಿರಿದು ಯಾವುದು ಕಿರಿದು ಎಂದು ನೋಡಿ ಹೇಳುವಂತಿರಲಿಲ್ಲ.

ನನಗೆ ಹನ್ನೊಂದು ನಡೆಯುತ್ತಿದ್ದಾಗ ಮೋಜಣಿಯವರು ಸರಪಳಿ ಹಿಡಿದು ಹೊಲ ಅಳೆಯಲು ಬಂದರು. "ಬಾವಿ ಯಾರ ಹೆಸರಿಗೆ ಬರ್ಕೋಬೇಕ್ರಿ?" ಎಂದು ಕೇಳಿದರು. ಅದೊಂದು ಪ್ರಶ್ನೆ ಬಂದದ್ದೇ ತಡ, ಮನೆ ಎರಡಾಯಿತು. ಈಚೆ ಕಂಟಿ ಗಡಿಯಾದರೆ ಬಾವಿ ದೊಡ್ಡಪ್ಪನದು, ಆಚೆ ಕಂಟಿ ಗಡಿಯಾದರೆ ಅಪ್ಪನದು.

"ನನಗ ಪಕ್ಕಾ ಯಾದ್ ಅದ," ಎಂದ ದೊಡ್ಡಪ್ಪ. "ಆಯಿ ತೋರ್ಸಿದ್ದು ಈಚಿ ಕಂಟಿ. ಆದ್ರೇನಾತು, ಬಾವಿ ನನ್ನ ಕಡಿ ಬಂದ್ರ ನೀರು ನಿನಗ ಬ್ಯಾಡ ಅಂತೇನೇನು?"

"ನಿನ್ನ ಭಿಕ್ಷಾದ ನೀರು ನನಗ ಬ್ಯಾಡ," ಎಂದ ಅಪ್ಪ. ಅವನಿಗೂ ಪಕ್ಕಾ ನೆನಪಿತ್ತು, ಆಚೆ ಕಂಟಿ ಎಂದು. ಇಬ್ಬರೂ ಸುಳ್ಳು ಹೇಳುವವರಲ್ಲ. ಅದೇ ದೊಡ್ಡ ಫಜೀತಿ.

ದೊಡ್ಡಪ್ಪನಿಗೆ ಹುಲಸೂರ ದಾರಿಯಲ್ಲಿ ಇನ್ನೊಂದು ಹೊಲ, ಅದರಲ್ಲಿ ಇನ್ನೊಂದು ಬಾವಿ ಇತ್ತು. ಅಪ್ಪನಿಗೆ ಇದೊಂದೇ. ಆ ದಿನ ಅಪ್ಪ ಪಡಸಾಲೆಯಲ್ಲಿ ನಿಂತು, ಒಳಗೆ ಒಲೆಯ ಮುಂದಿದ್ದ ದೊಡ್ಡವ್ವನಿಗೂ ಕೇಳುವ ಹಾಗೆ ಹೇಳಿದ, "ಬಾವಿ ಹೋತಂದ್ರ ಹೊಲ ಮಾರ್ತೀನಿ. ಹುಡುಗೀನ ಕರಕೊಂಡು ಹೈದ್ರಾಬಾದಕ ಹೋಗಿ ಯಾವದರೇ ದುಕಾನದಾಗ ನಿಲ್ತೀನಿ. ಈ ಊರು ಮತ್ತ ತುಳ್ಯಂಗಿಲ್ಲ." ಒಲೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ದೊಡ್ಡವ್ವನ ಕೈಯಲ್ಲಿ ರೊಟ್ಟಿ ಹೊತ್ತಿದ್ದು ನಾನು ಕಂಡದ್ದು ಅದೊಂದೇ ಸಲ.

ಓಣಿಯ ಹಿರಿಯರು ಕುಳಿತರು. ಮೂರು ದಿನ ಮಾತು. ಯಾರಿಗೂ ಬಗೆಹರಿಯದಾಗ ಅಪ್ಪನೇ ಹೇಳಿದ, "ವೈನಿ ಹೇಳಲಿ. ಅವರು ಲಗ್ನ ಆಗಿ ಬಂದಾಗಿಂದ ಆ ಕಂಟಿ ಹಣ್ಣು ತಿಂದಾರ. ಎರಡೂ ಕಂಟಿ ಹಣ್ಣು ತಂದು ಇಡ್ರಿ. ಅವರ ನಾಲಗಿ ಯಾವದು ಹಳೇದು ಅಂತದ, ಅದಕ್ಕ ನಾ ಬದ್ಧ." ದೊಡ್ಡಪ್ಪನ ಮುಖ ಅರಳಿತು. ತನ್ನ ಹೆಂಡತಿಯ ಮಾತನ್ನು ತಮ್ಮನೇ ಸಾಕ್ಷಿ ಎಂದು ಕರೆದದ್ದು ಅವನಿಗೆ ಹೆಮ್ಮೆ.

ಹಣ್ಣು ಬಿಡಿಸಿ ತರಲು ಒಬ್ಬ ಹಿರಿಯರ ಜೊತೆ ನನ್ನನ್ನು ಕಳಿಸಿದರು. ಎರಡು ಮುತ್ತುಗದ ಎಲೆ. ಈಚೆ ಕಂಟಿಯದಕ್ಕೆ ಕೆಂಪು ದಾರ ಕಟ್ಟಿದೆವು, ಆಚೆಯದಕ್ಕೆ ಬಿಳಿ ದಾರ. ಯಾವುದು ಹಳೆಯದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೌದಿ ಹಾಸುತ್ತಿದ್ದದ್ದು ಈಚೆ ಕಂಟಿಯ ನೆರಳಿಗೆ, ಬುಡದ ಹತ್ತಿರ ನನ್ನ ಬೆನ್ನಿಗೆ ಒತ್ತುತ್ತಿದ್ದ ಚಪ್ಪಟೆ ಕಲ್ಲು ಇನ್ನೂ ಅಲ್ಲೇ ಇತ್ತು. ಕೆಂಪು ದಾರದ್ದು. ಆದರೆ ಹನ್ನೊಂದು ವರ್ಷದ ಹುಡುಗಿಯನ್ನು ಯಾರು ಕೇಳುತ್ತಾರೆ? ಮಧ್ಯಾಹ್ನದ ಬಿಸಿಲಲ್ಲಿ ಎರಡು ಎಲೆ ಹಿಡಿದು, ಕನಸಿನಲ್ಲಿ ನಡೆದ ಹಾಗೆ ಮನೆಗೆ ಬಂದೆ.

ಪಡಸಾಲೆ ತುಂಬ ಮಂದಿ. ದೊಡ್ಡವ್ವ ಬಾಯಿ ಮುಕ್ಕಳಿಸಿ, ವಿಭೂತಿ ಹಚ್ಚಿಕೊಂಡು ಬಂದು ಕುಳಿತಳು. ಒಬ್ಬರು, "ಕೊರಳಿನ ಲಿಂಗ ಮುಟ್ಟಿ ಹೇಳಲಿ" ಎಂದರು. ದೊಡ್ಡಪ್ಪ ಸಿಡುಕಿದ. "ಯಾಕ್ರಿ? ಅಕಿ ಮಾತು ಸಾಕಾಗಂಗಿಲ್ಲೇನು?" ಲಿಂಗ ಮುಟ್ಟುವುದು ಅಲ್ಲಿಗೆ ನಿಂತಿತು. ನನಗೆ ಇವತ್ತಿಗೂ ಅನಿಸುತ್ತದೆ, ಮುಟ್ಟಿಸಿದ್ದರೆ ಅವಳು ಹಾಗೆ ಹೇಳುತ್ತಿರಲಿಲ್ಲ. ಅವನ ಆ ವಿಶ್ವಾಸವೇ ಅವಳಿಗೆ ಬಾಗಿಲು ತೆರೆದುಕೊಟ್ಟಿತು.

ಅವಳು ಕಣ್ಣು ಮುಚ್ಚಿ ಬಿಳಿ ದಾರದ ಎಲೆಯಿಂದ ಒಂದು ತಿಂದಳು. ಮುಖ ಕಿವುಚಿದಳು. ನೀರು ಕುಡಿದು, ಕೆಂಪು ದಾರದ್ದು ಒಂದು ತಿಂದಳು. ಆಗ ಅವಳ ಮುಖದಲ್ಲಿ ಬೆಲ್ಲ ಬಂದದ್ದನ್ನು ನಾನು ಕಂಡೆ. ಹುಬ್ಬು ಸಡಿಲಾಗಿ, ಕೆನ್ನೆ ಸಡಿಲಾಗಿ, ಒಂದು ಗಳಿಗೆ ಅವಳು ಅಲ್ಲಿ ಇರಲೇ ಇಲ್ಲ. ಆಮೇಲೆ ಕಣ್ಣು ತೆರೆದು, ಕೈ ನೀಡಿ, ಬಿಳಿ ದಾರದ ಎಲೆ ಮುಟ್ಟಿ, "ಇದು ಹಳೇದು" ಎಂದಳು.

ಅಲ್ಲ, ಕೆಂಪು ದಾರದ್ದು ಎನ್ನಲು ಬಾಯಿ ತೆರೆದೆ. ದೊಡ್ಡವ್ವ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ, ಬೇಡುವ ನೋಟ. ಬಾಯಿ ಮುಚ್ಚಿದೆ. ಹೈದರಾಬಾದಿಗೆ ಹೋಗುವುದು ನನಗೂ ಬೇಕಿರಲಿಲ್ಲ, ಅದನ್ನು ಮುಚ್ಚಿಡುವುದೇಕೆ?

ದೊಡ್ಡಪ್ಪ ಜಗಳ ತೆಗೆದಿದ್ದರೆ ಚೆನ್ನಾಗಿತ್ತು. ಅವನು ಎದ್ದು ಬಂದು ತಮ್ಮನ ಎರಡೂ ಕೈ ಹಿಡಿದುಕೊಂಡ. "ಅಕಿ ನಾಲಗಿ ಸುಳ್ಳ ಹೇಳಂಗಿಲ್ಲಪ್ಪ. ನಂದೇ ತಪ್ಪು. ನಾನೇ ಮರ್ತೇನಿ. ಮನಸಿನ್ಯಾಗ ಇಟ್ಕೋಬ್ಯಾಡ." ಅಪ್ಪನೂ ಅತ್ತ. ಮಂದಿಯೆಲ್ಲ ಖುಷಿಯಾಗಿ ಚಹಾ ಕುಡಿದು ಎದ್ದರು. ದೊಡ್ಡವ್ವ ಎಲೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಉಳಿದ ಹಣ್ಣನ್ನೆಲ್ಲ ಹಕ್ಕಿಗಳಿಗೆ ಸುರಿದಳು. ಆಚೆ ಕಂಟಿಯ ಬುಡಕ್ಕೆ ಬಾಂದದ ಕಲ್ಲು ಬಿತ್ತು.

ಅವತ್ತಿನಿಂದ ದೊಡ್ಡವ್ವ ಕವಳಿ ಹಣ್ಣು ತಿನ್ನಲಿಲ್ಲ. ಕಾಶಿಗೆ ಹೋದವರು ತಮಗೆ ಪ್ರೀತಿಯ ಒಂದು ಹಣ್ಣನ್ನು ಬಿಟ್ಟು ಬರುತ್ತಾರಲ್ಲ, ಹಾಗೆ ಬಿಟ್ಟಳು. ಕಾಶಿಗೆ ಹೋಗದೆಯೇ ಬಿಟ್ಟಳು. ಯಾರಾದರೂ ಕೇಳಿದರೆ, "ಹಲ್ಲು ಜುಂ ಅಂತಾವವ್ವ" ಎನ್ನುತ್ತಿದ್ದಳು. ಹುಣಸೆಕಾಯಿ ಕಡಿಯಲು ಮಾತ್ರ ಆ ಹಲ್ಲಿಗೆ ಏನೂ ಆಗುತ್ತಿರಲಿಲ್ಲ. ಮುಂಗಾರಿನ ಮೊದಲ ಮೋಡ ಕಂಡಾಗ ಅವಳು ಹೊಲದ ಕಡೆ ಮುಖ ಮಾಡಿ ಕುಳಿತು, ಬಾಯಲ್ಲಿ ಊರಿದ ನೀರನ್ನು ನುಂಗುತ್ತಿದ್ದುದನ್ನು ನಾನು ಎಷ್ಟೋ ವರ್ಷ ನೋಡಿದೆ. ನನಗೆ ಗೊತ್ತು ಎಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಅವಳು ಹಣ್ಣು ಬಿಟ್ಟಳು ಸರಿ, ದೊಡ್ಡಪ್ಪ ಬಿಟ್ಟದ್ದು ಇನ್ನೂ ದೊಡ್ಡದು. ತನ್ನ ನೆನಪಿನ ಮೇಲೆ ಅವನಿಗಿದ್ದ ಭರವಸೆ ಹೋಯಿತು. ಮೊದಲು ಅವನು ಮಾತಾಡಿದರೆ ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ. ಈಗ ಯಾವ ಮಾತಿನ ಕೊನೆಗೂ ದೊಡ್ಡವ್ವನ ಕಡೆ ತಿರುಗಿ, "ಹೌದಿಲ್ಲೋ?" ಎನ್ನತೊಡಗಿದ. ನಿನ್ನೆ ದುಬಲಗುಂಡಿಯಿಂದ ಬೀಗರು ಬಂದಿದ್ದರು, ಹೌದಿಲ್ಲೋ? ಎತ್ತಿಗೆ ಲಾಳ ಹೊಡೆಸಿದ್ದು ಹೋದ ತಿಂಗಳು, ಹೌದಿಲ್ಲೋ? ಓಣಿಯ ಪೋರರು, ದೊಡ್ಡವರೂ ಕೂಡ, "ನಿಮ್ಮದೇನ್ರಿ, ಕವಳಿ ಕಂಟಿ ಯಾದು" ಎಂದು ನಗುತ್ತಿದ್ದರು. ಅಪ್ಪನಂತೂ ಚೇಷ್ಟೆಗೆ ದಿನಾ ಹೇಳುತ್ತಿದ್ದ. ದೊಡ್ಡಪ್ಪನೂ ನಗುತ್ತಿದ್ದ. ಪ್ರತಿ ಸಲ ದೊಡ್ಡವ್ವ, ಒಲೆಯ ಮುಂದಿರಲಿ, ಕಸಬರಿಗೆ ಹಿಡಿದಿರಲಿ, ಕೈ ನಿಲ್ಲಿಸಿ, "ಹೌದ್ರಿ, ಹೌದು" ಎನ್ನುತ್ತಿದ್ದಳು.

ಹದಿನೆಂಟಕ್ಕೆ ನನ್ನ ಮದುವೆಯಾಗಿ ಹುಮನಾಬಾದಿಗೆ ಬಂದೆ. ಮುಂಗಾರಿಗೆ ತವರಿಗೆ ಹೋದಾಗಲೆಲ್ಲ ಅದೇ ದೃಶ್ಯ, ಅದೇ "ಹೌದಿಲ್ಲೋ?" ಅದನ್ನು ಕೇಳಿದಾಗಲೆಲ್ಲ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿರಲಿಲ್ಲ. ಅಪ್ಪ ಬದುಕಿರುವ ತನಕ ಹೇಳುವಂತಿರಲಿಲ್ಲ. ಹೇಳಿದರೆ ಅವನು ಆ ಬಾವಿಗೆ ಬೀಳುವಷ್ಟು ಹಟದವನು.

ಅಪ್ಪ ತೀರಿಕೊಂಡದ್ದು ಎಂಬತ್ತನೆಯ ಇಸವಿಯ ಆಚೆಗೆ. ಮರುವರ್ಷ ಹೊಲ ನನ್ನ ಹೆಸರಿಗೆ ಬರುವುದಿತ್ತು, ಮತ್ತೆ ಮೋಜಣಿ ಆಗಬೇಕಿತ್ತು. ಕಲ್ಲು ಕೀಳಿಸಿ, ಈಚೆ ಕಂಟಿಯ ಬುಡಕ್ಕೆ ಹಾಕಿಸಿ, ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಕೆಂಪು ಬಸ್ಸು ಹತ್ತಿದೆ. ಮೃಗಶಿರಾ ಹೊಕ್ಕಿತ್ತು. ಮೊದಲು ಇಳಿದದ್ದು ಹೊಲದ ಹತ್ತಿರ. ಒಂದು ಎಲೆ ಹಣ್ಣು ಬಿಡಿಸಿಕೊಂಡು ಹೋಗಿ ದೊಡ್ಡವ್ವನ ಮುಂದಿಟ್ಟೇ ಮಾತು ತೆಗೆಯಬೇಕು ಎಂದುಕೊಂಡಿದ್ದೆ.

ಮದುವೆಯಾದ ಮೇಲೆ ತುಳಿಯದ ಹಳ್ಳದ ದಂಡೆಗೆ ಹೋಗಿ ನೋಡುತ್ತೇನೆ, ಒಂದಲ್ಲ ಎರಡಲ್ಲ, ಹದಿನಾಲ್ಕು ಕಂಟಿ! ಎಣಿಸಿದೆ. ಹಕ್ಕಿಗಳು ಇಷ್ಟು ವರ್ಷ ಸುಮ್ಮನೆ ಕುಳಿತಿರಲಿಲ್ಲ. ಚಪ್ಪಟೆ ಕಲ್ಲನ್ನು, ಬಾಂದದ ಕಲ್ಲನ್ನು ಹುಡುಕಿದೆ, ಮಳೆಯ ಮಣ್ಣು ಎಲ್ಲವನ್ನೂ ಮುಚ್ಚಿತ್ತು. ಆದರೂ ಒಂದು ಕಂಟಿಯ ಹತ್ತಿರ ನಿಂತಾಗ ಇದೇ, ಇಲ್ಲೇ ನಾನು ಮಲಗುತ್ತಿದ್ದದ್ದು ಎಂದು ಖಾತ್ರಿಯಾಯಿತು. ಸ್ವಲ್ಪ ಹೊತ್ತು ಅದರ ನೆರಳಲ್ಲಿ ಕುಳಿತೆ, ಕಣ್ಣು ಮುಚ್ಚಿ ತೂಕಡಿಸಿದೆ ಕೂಡ. ಆಮೇಲೆ ಎಲೆ ತುಂಬ ಬಿಡಿಸಿಕೊಂಡು ಮನೆಗೆ ಬಂದೆ.

ದೊಡ್ಡಪ್ಪ ಪಡಸಾಲೆಯಲ್ಲಿ ಮಂಚದ ಮೇಲೆ ಕುಳಿತಿದ್ದ. ದೊಡ್ಡವ್ವ ಕೆಳಗೆ ಜೋಳ ಹಸನು ಮಾಡುತ್ತಿದ್ದಳು. "ಹೋದ ವರ್ಷಾನೂ ಇದೇ ಹೊತ್ತಿಗಿ ಬಂದಿದ್ದಿ, ಹೌದಿಲ್ಲೋ?" ಎಂದ ದೊಡ್ಡಪ್ಪ, ನನ್ನನ್ನಲ್ಲ, ಅವಳನ್ನು. ಎಲೆಯನ್ನು ಅವಳ ಮುಂದಿಟ್ಟೆ.

"ಬ್ಯಾಡವ್ವ," ಎಂದಳು.

"ಇವತ್ತು ತಿನ್ನು," ಎಂದೆ. "ನಾ ಮೋಜಣಿಯವರನ್ನ ಕರ್ಸಾಕತ್ತೇನಿ. ನೀ ಮೊದಲ ಇದು ತಿನ್ನು. ತಿಂದ್ರೇನೇ ನಾ ಈ ಮನ್ಯಾಗ ನೀರು ಕುಡೀತೀನಿ."

ಅವಳು ನನ್ನ ಮುಖ ನೋಡಿದಳು, ಗಂಡನ ಕಡೆ ನೋಡಿದಳು. ಒಂದು ಹಣ್ಣು ತೆಗೆದು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ನಾನು ಬೆಲ್ಲಕ್ಕೆ ಕಾದೆ, ದೊಡ್ಡಪ್ಪನೂ ಕಾದ. ಬರಲಿಲ್ಲ. ಕಣ್ಣು ಮುಚ್ಚಿಕೊಂಡೇ, ಉಪ್ಪು ಕಡಿಮೆಯಾದ ಸಾರಿಗೆ ಹೇಳುವ ಹಾಗೆ ಹೇಳಿಬಿಟ್ಟಳು, "ಇದು ಆ ಕಂಟೀದಲ್ಲ."

ಹೇಳಿದ ಮೇಲೆ ಅವಳಿಗೆ ತಿಳಿಯಿತು. ಕಣ್ಣು ತೆರೆದಳು. ಇಷ್ಟು ವರ್ಷದ ಮೇಲೂ ಆ ಕಂಟಿಯ ರುಚಿ ಗೊತ್ತಿರುವ ನಾಲಗೆ, ಅವತ್ತು ತಪ್ಪುವುದು ಹೇಗೆ ಸಾಧ್ಯ? ಅಷ್ಟು ಲೆಕ್ಕ ದೊಡ್ಡಪ್ಪನಿಗೂ ಬರುತ್ತಿತ್ತು. ಅವನು ಬಡಿಗೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಹೊರಗೆ ಹೋದ.

ನಾವಿಬ್ಬರೇ ಉಳಿದೆವು. ಜೋಳದ ಮೊರ ಅವಳ ಮುಂದೆ ಹಾಗೇ ಇತ್ತು, ಗುಬ್ಬಿಗಳು ಬಂದು ತಿಂದವು, ಓಡಿಸುವವರಿಲ್ಲ. ಅವಳು, "ನಿನ್ನ ಉಳಿಸ್ಕೋಳಾಕ ಅವರನ್ನ ಮರೆಗುಳಿ ಮಾಡಿದೆ ನೋಡವ್ವ" ಎಂದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟೆ. ಆರು ವರ್ಷದವಳ ಹಾಗೆ ಅತ್ತೆ.

ದೊಡ್ಡಪ್ಪ ಬಂದಾಗ ಬಿಸಿಲು ಇಳಿದಿತ್ತು. ಧೋತರದ ಮಡಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಮುಂಗೈ ತುಂಬ ಮುಳ್ಳು ಗೀರಿದ ರಕ್ತ. ನೆಲಕ್ಕೆ ಕುಳಿತು, ಮಡಿಲು ಬಿಚ್ಚಿ, ಕಪ್ಪು ಹಣ್ಣೊಂದನ್ನು ಆರಿಸಿ ಅವಳ ಅಂಗೈಗೆ ಇಟ್ಟ. ಹದಿನಾಲ್ಕರಲ್ಲಿ ಯಾವುದೆಂದು ಅವನು ಯಾರನ್ನೂ ಕೇಳಿರಲಿಲ್ಲ.

"ಇದು ನೋಡು."

ಅವಳು ತಿಂದಳು. ಹುಳಿಗೆ ಮುಖ ಕಿವುಚಿತು. ನಾವು ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು. ಮೊದಲು ಹುಬ್ಬು ಸಡಿಲಾಯಿತು, ಆಮೇಲೆ ಕೆನ್ನೆ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

"ಹೌದ್ರಿ," ಎಂದಳು. "ಇದೇ."

ದೊಡ್ಡಪ್ಪ ಗೀರುಬಿದ್ದ ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ಮಡಿಲಿನಿಂದ ತಾನೊಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡ, ನನಗೊಂದು ಕೊಟ್ಟ.

"ಕಲ್ಲು ಇದ್ದಲ್ಲೇ ಇರಲಿ, ಬಾವಿ ಹುಡುಗೀದು," ಎಂದ. "ಆದ್ರ ನಾ ಮರ್ತಿರಲಿಲ್ಲ."

ದೊಡ್ಡವ್ವ ಅವನ "ಹೌದಿಲ್ಲೋ"ಗಾಗಿ ಕಾದು ಕುಳಿತಳು. ಅವನು ಕೇಳಲಿಲ್ಲ.